ಗ್ಯಾರೇಜ್ ವರ್ಕ್‌ಶಾಪಿನ ತಗಡಿನ ಬಾಗಿಲಿಗೆ ಇನ್ಸುಲೇಶನ್: ಪದೇ ಪದೇ ಕೇಳೋ ಪ್ರಶ್ನೆಗಳು

ಗ್ಯಾರೇಜಲ್ಲಿ ಒಂದು ಬೆಂಚ್ ಹಾಕ್ಕೊಂಡು ಮರಗೆಲಸನೋ ರಿಪೇರಿನೋ ಮಾಡೋರಿಗೆಲ್ಲ ಒಂದೇ ಗೋಳು, ಬೇಸಿಗೇಲಿ ಆ ತಗಡಿನ ಬಾಗಿಲು ಕಾದ ಕಾವಲಿ, ಚಳಿಗಾಲದಲ್ಲಿ ಮುಟ್ಟಿದ್ರೆ ಕೈ ಮರಗಟ್ಟುತ್ತೆ. ನಮ್ಮ ಬಾಗಿಲಿಗೆ ನಾನು ಎರಡು ಸಲ ಇನ್ಸುಲೇಶನ್, ಅಂದ್ರೆ ಶಾಖ ತಡೆಯೋ ಪದರ, ಹಾಕಿದೀನಿ, ಎರಡು ಸಲ ಯಾಕೆ ಅಂದ್ರೆ ಮೊದಲನೇದನ್ನ ನಾನೇ ಕೈಯಾರೆ ಕೆಡಿಸ್ಕೊಂಡೆ. ಅದಾದ್ಮೇಲೆ ಈ ವಿಷಯ ಬಂದಾಗೆಲ್ಲ ಜನ ಅದೇ ಅದೇ ಪ್ರಶ್ನೆ ಕೇಳ್ತಾರೆ, ಪ್ರತಿ ಸಲ ಹೇಳೋ ಬದಲು ಒಂದ್ಕಡೆ ಬರೆದಿಟ್ಟಿದೀನಿ.

ಬರೀ ಬಾಗಿಲಿಗೆ ಮಾಡಿದ್ರೆ ನಿಜವಾಗ್ಲೂ ವ್ಯತ್ಯಾಸ ಗೊತ್ತಾಗುತ್ತಾ?

ಗೊತ್ತಾಗುತ್ತೆ. ಅರ್ಧ ಎಂಎಂ ಸ್ಟೀಲ್ ಶೀಟು ಶಾಖ ತಡೆಯೋ ವಿಷಯದಲ್ಲಿ ಇದ್ರೂ ಒಂದೇ ಇಲ್ಲದಿದ್ರೂ ಒಂದೇ, ತಡೆಯೋದೇನಿದ್ರೂ ಅದರ ಎರಡೂ ಮೈಗೆ ಅಂಟ್ಕೊಂಡು ನಿಂತಿರೋ ತೆಳು ಗಾಳಿ ಪದರ ಅಷ್ಟೇ. ಲೆಕ್ಕ ಹಾಕೋಣ. 2.4 ಮೀಟರ್ ಅಗಲ, 2.1 ಮೀಟರ್ ಎತ್ತರದ ಬಾಗಿಲು ಅಂದ್ರೆ ಹತ್ತಿರ ಹತ್ತಿರ 5 ಚದರ ಮೀಟರ್. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದ್ರೆ ಖಾಲಿ ತಗಡಿಂದ ಸುಮಾರು 600 ವ್ಯಾಟ್ ಶಾಖ ಹೊರಗೆ ಹೋಗುತ್ತೆ, ಅಂದ್ರೆ ಒಂದು ಚಿಕ್ಕ ರೂಮ್ ಹೀಟರ್ನ ಬಾಗಿಲಿಗೋಸ್ಕರನೇ ಉರಿಸಿದ ಹಾಗೆ. ಅದಕ್ಕೇ 25 ಎಂಎಂ ಥರ್ಮಾಕೋಲ್ ಬೋರ್ಡ್ ಸರಿಯಾಗಿ ಕೂರಿಸಿದ್ರೆ ಸುಮಾರು 120 ವ್ಯಾಟಿಗೆ ಇಳಿಯುತ್ತೆ. ಇದು ಕಾಗದದ ಮೇಲಿನ ಲೆಕ್ಕ, ಬಾಗಿಲಿನ ಪಟ್ಟಿ ಹಿಂಜು ಎಲ್ಲ ಲೋಹನೇ ಆದ್ರಿಂದ ಅಲ್ಲಿಂದ ಒಂದಷ್ಟು ಹೋಗ್ತಾನೇ ಇರುತ್ತೆ, ಆದ್ರೂ ಕಮ್ಮಿ ಆಗೋದು ಸಣ್ಣ ಮಟ್ಟಕ್ಕಲ್ಲ.

ಬೇಸಿಗೇಲಿ ಇನ್ನೂ ಬೇಗ ಗೊತ್ತಾಗುತ್ತೆ. ಸಂಜೆ ಬಿಸಿಲು ನೇರವಾಗಿ ಬೀಳೋ ಬಾಗಿಲಾದ್ರೆ ಒಂದೂವರೆ ಮೀಟರ್ ದೂರದಲ್ಲಿ ನಿಂತು ಮರ ಉಜ್ಜುತ್ತಿದ್ರೂ ಕೆನ್ನೆಗೆ ಕಾವು ಹೊಡೀತಿರುತ್ತೆ. ಬೋರ್ಡ್ ಹಾಕಿದ ದಿನವೇ ಅದು ನಿಂತು ಹೋಗುತ್ತೆ.

ಮೊದಲು ಬೋರ್ಡ್ ತರಬೇಕಾ, ಸಂದು ಮುಚ್ಚಬೇಕಾ?

ಸಂದು. ನೂರು ಸಲ ಕೇಳಿದ್ರೂ ಸಂದು. ಎಲ್ಲರೂ ಬೋರ್ಡಿನ ಆರ್ ವ್ಯಾಲ್ಯೂ, ಅಂದ್ರೆ ಶಾಖ ತಡೆಯೋ ಶಕ್ತಿ, ಎಷ್ಟು ಅಂತ ತಲೆ ಕೆಡಿಸ್ಕೊಳ್ತಾರೆ, ಬಾಗಿಲ ಕೆಳಗೆ ಬೆರಳು ತೂರೋವಷ್ಟು ಜಾಗ ಇರೋದನ್ನ ಯಾರೂ ಬಗ್ಗಿ ನೋಡಲ್ಲ. 2.4 ಮೀಟರ್ ಬಾಗಿಲ ಕೆಳಗೆ 10 ಎಂಎಂ ಸಂದು ಇದ್ರೆ ಒಟ್ಟು 240 ಚದರ ಸೆಂಟಿಮೀಟರ್ ಆಯ್ತು, ಅಂದ್ರೆ ಗೋಡೇಲಿ ಸುಮಾರು ಮುಕ್ಕಾಲು ಗೇಣಿನ ಚೌಕ ತೂತು ಕೊರೆದು ಹಾಗೇ ಬಿಟ್ಟ ಲೆಕ್ಕ. ಅದರೊಳಗೆ ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಗಾಳಿ ನುಗ್ಗಿದ್ರೂ, ಅದು ತಂಗಾಳಿ ಅಷ್ಟೇ, ಮೇಲೆ ಹೇಳಿದ 20 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 290 ವ್ಯಾಟ್ ಹೋಗುತ್ತೆ. ಬೋರ್ಡ್ ಹಾಕಿದ ಇಡೀ ಬಾಗಿಲಿಂದ ಹೋಗೋದರ ಎರಡರಷ್ಟಕ್ಕಿಂತ ಜಾಸ್ತಿ!

ಪರೀಕ್ಷೆ ಸುಲಭ. ಮಟಮಟ ಮಧ್ಯಾಹ್ನ ಬಾಗಿಲು ಹಾಕಿ ಒಳಗಿನ ಲೈಟ್ ಎಲ್ಲ ಆಫ್ ಮಾಡಿ ಎರಡು ನಿಮಿಷ ಸುಮ್ನೆ ನಿಂತ್ಕೊಳ್ಳಿ, ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಎಲ್ಲೆಲ್ಲಿ ಬೆಳಕಿನ ಗೆರೆ ಕಾಣುತ್ತೋ ಅಲ್ಲೆಲ್ಲ ಚಾಕ್‌ಪೀಸಲ್ಲಿ ಗುರುತು ಹಾಕಿ. ಗಾಳಿ ಇರೋ ದಿನ ಊದುಬತ್ತಿ ಹಚ್ಚಿ ಅಂಚಿನ ಗುಂಟ ಹಿಡ್ಕೊಂಡು ಹೋದ್ರೆ ಹೊಗೆ ಎಲ್ಲಿ ಪಕ್ಕಕ್ಕೆ ವಾಲುತ್ತೆ ಅನ್ನೋದೂ ಕಾಣುತ್ತೆ. ಕೆಳಗೆ ರಬ್ಬರ್ ಸೀಲ್, ಪಕ್ಕಕ್ಕೂ ಮೇಲಕ್ಕೂ ರಬ್ಬರ್ ಬೀಡಿಂಗ್ ಇಲ್ಲ ಬ್ರಷ್ ಪಟ್ಟಿ. ನೆಲ ಮಟ್ಟ ಇಲ್ಲದೆ ಒಂದು ಮೂಲೆ ತಗ್ಗಿದ್ರೆ ಬಾಗಿಲಿನ ಸೀಲ್ ಅಲ್ಲಿಗೆ ಮುಟ್ಟಲ್ಲ, ಅಂಥ ಕಡೆ ನೆಲಕ್ಕೇ ಅಂಟಿಸೋ ರಬ್ಬರ್ ಹೊಸ್ತಿಲು ಹಾಕೋದು ಒಳ್ಳೇದು.

ಎಲ್ಲಾ ತರದ ಬಾಗಿಲಿಗೂ ಒಂದೇ ವಿಧಾನನಾ?

ಇಲ್ಲ. ಅಡ್ಡಡ್ಡ ನಾಲ್ಕೈದು ಪ್ಯಾನಲ್ ಇದ್ದು ಟ್ರ್ಯಾಕಲ್ಲಿ ಬಾಗಿ ಮೇಲೆ ಹೋಗೋ ಬಾಗಿಲಿಗೆ ಒಂದೊಂದು ಪ್ಯಾನಲಿನ ಗುಂಡಿಯೊಳಗೆ ಬೇರೆ ಬೇರೆ ತುಂಡು ಕೂರಿಸಬೇಕು, ಎರಡು ಪ್ಯಾನಲ್ ಸೇರೋ ಗೆರೆ ದಾಟಿ ಒಂದೇ ತುಂಡು ಹಾಕಿದ್ರೆ ಮೊದಲ ಸಲ ಎತ್ತುವಾಗಲೇ ಮುರಿಯುತ್ತೆ. ಇಡೀ ಬಾಗಿಲು ಒಂದೇ ಹಲಗೆ ತರ ವಾಲಿ ಮೇಲೆ ಹೋಗೋದಾದ್ರೆ ಕೆಲಸ ಸುಲಭ, ಆದ್ರೆ ಒಳಗಡೆ ಲಾಕಿನ ಉದ್ದ ಸರಳುಗಳು ಓಡಾಡ್ತಿರ್ತವೆ, ಅವಕ್ಕೆ ಜಾಗ ಬಿಡಿ. ಪಕ್ಕಕ್ಕೆ ತೆಗೆಯೋ ಜೋಡಿ ಬಾಗಿಲಾದ್ರೆ ಯೋಚನೇನೇ ಇಲ್ಲ, ಹಿಂಜು ಗಟ್ಟಿ ಇದ್ರೆ ಸಾಕು.

ರೋಲಿಂಗ್ ಶಟರ್ ಇರೋರಿಗೆ ಮಾತ್ರ ಬೇಜಾರಿನ ಸುದ್ದಿ. ಸುತ್ತಿಕೊಳ್ಳೋ ಪಟ್ಟಿಗಳ ಮೇಲೆ ಏನೂ ಅಂಟಿಸೋ ಹಾಗಿಲ್ಲ. ಒಳಗೆ ಫೋಮ್ ತುಂಬಿರೋ ಜೋಡಿ ಪದರದ ಪಟ್ಟಿ ಸಿಗುತ್ತೆ, ಅದಕ್ಕೆ ಇಡೀ ಶಟರೇ ಬದಲಾಯಿಸಬೇಕು. ಇಲ್ಲಾಂದ್ರೆ ಶಟರಿನ ಒಳಗಡೆ ಒಂದು ದಪ್ಪ ಕರ್ಟನ್, ಅಥವಾ ಕಟ್ಟಿಗೆ ಫ್ರೇಮಿಗೆ ಬೋರ್ಡ್ ಹಾಕಿ ಬೇಕಾದಾಗ ಎತ್ತಿಡೋ ಎರಡು ಮೂರು ಪರದೆ. ನೋಡೋಕೆ ಅಷ್ಟೇನೂ ಚೆನ್ನಾಗಿರಲ್ಲ, ಕೆಲಸ ಮಾಡುತ್ತೆ. ಮೇಲೆ ಶಟರ್ ಸುತ್ತಿಕೊಳ್ಳೋ ಡಬ್ಬದ ಸಂದು ಮರೀಬೇಡಿ.

ಯಾವ ಮೆಟೀರಿಯಲ್ ಒಳ್ಳೇದು?

ಮಾಮೂಲಿ ಬಿಳಿ ಥರ್ಮಾಕೋಲ್ ಶೀಟು ಕೈಗೆ ಸಿಗುತ್ತೆ, ಹಗುರ, ಎಲ್ಲದಕ್ಕಿಂತ ಅಗ್ಗ. ಕತ್ತರಿಸಿದ್ರೆ ಮಾತ್ರ ಕಾಳು ಕಾಳಾಗಿ ಉದುರಿ ಸ್ವಿಚ್‌ಬೋರ್ಡಿಂದ ಹಿಡಿದು ಕಣ್ರೆಪ್ಪೆ ತನಕ ಅಂಟ್ಕೊಳ್ಳುತ್ತೆ, ಒದ್ದೆ ಬಟ್ಟೆ ಕೈಯಲ್ಲೇ ಇಟ್ಕೊಳ್ಳಿ. ಎಕ್ಸ್‌ಪಿಎಸ್ ಅನ್ನೋದು ಗಟ್ಟಿ, ಬಣ್ಣದ ಬೋರ್ಡ್, ನೀರು ಕುಡಿಯಲ್ಲ ಅನ್ನೋವಷ್ಟು ಕಮ್ಮಿ ಕುಡಿಯುತ್ತೆ, ಗೀರಿ ಮುರಿದ್ರೆ ಗೆರೆ ನೇರ ಬರುತ್ತೆ. ಪಿಐಆರ್ ಅನ್ನೋದು ಇನ್ನೊಂದು ತರದ ಗಟ್ಟಿ ಫೋಮ್ ಬೋರ್ಡ್, ಎರಡೂ ಕಡೆ ಫಾಯಿಲ್ ಇರೋದು, ಅಷ್ಟೇ ದಪ್ಪಕ್ಕೆ ಥರ್ಮಾಕೋಲಿಗಿಂತ ಸುಮಾರು ಒಂದೂವರೆ ಪಟ್ಟು ಶಾಖ ತಡೆಯುತ್ತೆ, ಪ್ಯಾನಲ್ ಗುಂಡಿ ಆಳ ಇಲ್ಲದ ಬಾಗಿಲಿಗೆ ಇದೇ ಸರಿ.

ರಾಕ್‌ವೂಲ್, ಅಂದ್ರೆ ಕಲ್ಲು ಕರಗಿಸಿ ಮಾಡಿದ ಉಣ್ಣೆ ತರದ ನಾರು, ಬೆಂಕಿಗೆ ಹೆದರಲ್ಲ, ಸದ್ದನ್ನೂ ಹೀರುತ್ತೆ, ಆದ್ರೆ ತೂಕ ಜಾಸ್ತಿ, ಮೇಲೆ ಏನಾದ್ರೂ ಹೊದಿಕೆ ಬೇಕೇ ಬೇಕು, ಒಳಗಿನ ತೇವ ಅದರೊಳಗಿಂದ ಸರಾಗವಾಗಿ ಹಾದು ತಗಡಿಗೆ ಮುಟ್ಟುತ್ತೆ. ದಿನಾ ಮೇಲೆ ಕೆಳಗೆ ಅಲ್ಲಾಡೋ ಬಾಗಿಲಿಗೆ ನಾನಂತೂ ಹಾಕಲ್ಲ, ವೆಲ್ಡಿಂಗ್ ಮಾಡೋರ ವಿಷಯ ಬೇರೆ, ಅದು ಮುಂದೆ ಬರುತ್ತೆ.

ಆ ಬೆಳ್ಳಿ ಬಣ್ಣದ ಬಬಲ್ ಶೀಟ್ ಸಾಕಾಗಲ್ವಾ? ಅಂಟಿಸೋದು ಸುಲಭ.

ಸುಲಭ ನಿಜ. ಫಾಯಿಲ್ ಕೆಲಸ ಮಾಡೋದು ಕಾವಿನ ಕಿರಣನ ವಾಪಸ್ ಕಳಿಸಿ, ಅದಕ್ಕೆ ಫಾಯಿಲ್ ಮುಂದೆ ಎರಡು ಸೆಂಟಿಮೀಟರ್ ಆದ್ರೂ ಖಾಲಿ ಗಾಳಿ ಜಾಗ ಇರಬೇಕು. ಅದನ್ನೇ ತಂದು ತಗಡಿಗೆ ಒತ್ತಿ ಅಂಟಿಸಿದ್ರೆ ತಗಡಿನ ಕಡೆ ಇರೋ ಫಾಯಿಲ್ ದಂಡ, ಉಳಿಯೋದು ನಾಲ್ಕು ಎಂಎಂ ಗಾಳಿ ಗುಳ್ಳೆ. ವರ್ಕ್‌ಶಾಪಲ್ಲಿ ಇನ್ನೊಂದು ತಾಪತ್ರಯ, ಒಳಗಿನ ಫಾಯಿಲ್ ಮೇಲೆ ಮರದ ಪುಡಿ ಕೂತು ಆರು ತಿಂಗಳಲ್ಲಿ ಹೊಳಪೆಲ್ಲ ಹೋಗಿರುತ್ತೆ. ಬಿಸಿಲಿನ ಧಗೆಗೆ ಒಂದಷ್ಟು ಅನುಕೂಲ, ಚಳಿಗೆ ನಂಬ್ಕೋಬೇಡಿ.

ಎಷ್ಟು ದಪ್ಪ ಹಾಕಬೇಕು?

ಮೊದಲ ಉದಾಹರಣೇನೇ ಮುಂದುವರಿಸಿದ್ರೆ, ಖಾಲಿ ತಗಡು 600 ವ್ಯಾಟ್, 25 ಎಂಎಂ ಹಾಕಿದ್ರೆ 120, 50 ಎಂಎಂ ಹಾಕಿದ್ರೆ 65, 75 ಎಂಎಂ ಹಾಕಿದ್ರೆ 45. ಮೊದಲ 25 ಎಂಎಂ ಉಳಿಸಿದ್ದು 480, ಮೂರನೇ 25 ಎಂಎಂ ಉಳಿಸಿದ್ದು ಬರೀ 20. ಹಾಗಾಗಿ ಪ್ಯಾನಲ್ ಗುಂಡಿ ಎಷ್ಟು ಆಳ ಇದೆಯೋ ಅಷ್ಟು ಹಾಕಿ, ಹೊರಗೆ ಉಬ್ಬಿಸ್ಕೊಂಡು ದಪ್ಪ ಮಾಡೋ ಆಸೆ ಬೇಡ, ಟ್ರ್ಯಾಕ್ ಬಾಗೋ ಜಾಗದಲ್ಲಿ ಉಬ್ಬಿದ್ದು ಉಜ್ಜಿ ಕಿತ್ಕೊಂಡು ಬರುತ್ತೆ.

ತೂಕ ಜಾಸ್ತಿ ಆಗಿ ಬಾಗಿಲು ಕೆಡುತ್ತಾ?

ಇದನ್ನ ಓದದೆ ಕೆಲಸ ಶುರು ಮಾಡ್ಬೇಡಿ. ಮೇಲೆ ಹೋಗೋ ಬಾಗಿಲು ನಿಮ್ಮ ಕೈಬಲದಿಂದಲೋ ಮೋಟರಿನ ಬಲದಿಂದಲೋ ಎದ್ದೇಳಲ್ಲ, ಸ್ಪ್ರಿಂಗ್ ಎತ್ತುತ್ತೆ, ಆ ಸ್ಪ್ರಿಂಗ್ ಬಾಗಿಲಿನ ತೂಕಕ್ಕೆ ಸರಿಯಾಗಿ ಸೆಟ್ ಆಗಿರುತ್ತೆ. 5 ಚದರ ಮೀಟರಿಗೆ 25 ಎಂಎಂ ಥರ್ಮಾಕೋಲ್ ಹಾಕಿದ್ರೆ ಎರಡು ಎರಡೂವರೆ ಕೆಜಿ, ಎಕ್ಸ್‌ಪಿಎಸ್ ಅಥವಾ ಪಿಐಆರ್ ಆದ್ರೆ ನಾಲ್ಕು ಕೆಜಿ ಆಸುಪಾಸು, ಇಷ್ಟನ್ನ ಸಾಮಾನ್ಯವಾಗಿ ಬಾಗಿಲು ತಡ್ಕೊಳ್ಳುತ್ತೆ. ಅದರ ಮೇಲೆ ಚೆಂದಕ್ಕೆ ಅಂತ 4 ಎಂಎಂ ಪ್ಲೈವುಡ್ ಹೊಡೆದ್ರೆ ಇನ್ನೊಂದು 12 ಕೆಜಿ! ನಾನು ಮೊದಲನೇ ಸಲ ಮಾಡಿದ್ದು ಇದೇ ಘನಕಾರ್ಯ. ಸಂಜೆ ಬಾಗಿಲು ಎತ್ತಿ ಎದೆ ಮಟ್ಟಕ್ಕೆ ತಂದು ಕೈ ಬಿಟ್ಟೆ, ಯಾವಾಗ್ಲೂ ಅಲ್ಲೇ ನಿಲ್ಲುತ್ತಿದ್ದ ಬಾಗಿಲು ಸೀದಾ ಕೆಳಗೆ ಬಂದು ಧಡ್ ಅಂತ ಬಿತ್ತು, ಕಾಲು ಒಂದು ಗೇಣು ಹಿಂದೆ ಇತ್ತು ಬಚಾವ್. ಮಾರನೇ ದಿನ ಪ್ಲೈವುಡ್ ಎಲ್ಲ ಬಿಚ್ಚಿದೆ, ಈಗ ಅದು ಸ್ಕ್ರೂ ಡಬ್ಬ ಇಡೋ ಕಪಾಟಾಗಿದೆ.

ಅದಕ್ಕೇ ಮೊದಲೇ ಟೆಸ್ಟ್ ಮಾಡಿ. ಮೋಟರ್ ಇದ್ರೆ ಬಾಗಿಲು ಪೂರ್ತಿ ಕೆಳಗಿರುವಾಗ ಅದರ ಕೊಂಡಿ ಬಿಚ್ಚಿ, ಕೈಯಲ್ಲಿ ಅರ್ಧಕ್ಕೆ ಎತ್ತಿ ನಿಧಾನಕ್ಕೆ ಬಿಡಿ. ನಿಂತ್ರೆ ಸರಿ, ಕೆಳಗೆ ಜಾರಿದ್ರೆ ಸ್ಪ್ರಿಂಗ್ ಸಾಲ್ತಾ ಇಲ್ಲ ಅಂತ ಅರ್ಥ. ಬೋರ್ಡ್ ಹಾಕಿದ್ಮೇಲೆ ಮತ್ತೆ ಅದೇ ಟೆಸ್ಟ್. ಸ್ಪ್ರಿಂಗ್ ಬಿಗಿ ಮಾಡೋ ಕೆಲಸ, ಅದರಲ್ಲೂ ಬಾಗಿಲ ಮೇಲೆ ಅಡ್ಡ ರಾಡಿಗೆ ಸುತ್ತಿರೋ ಸ್ಪ್ರಿಂಗಿನದು, ಅದು ಗೊತ್ತಿರೋರ ಕೈಲೇ ಮಾಡಿಸಿ, ಬಿಗಿ ಮಾಡೋಕೆ ತೂರಿಸೋ ಬಾರ್ ಒಂದು ಸಲ ಜಾರಿದ್ರೆ ಕೈ ಮುರಿಯೋವಷ್ಟು ಬಲ ಅದರಲ್ಲಿ ಸುತ್ತಿಟ್ಟಿರುತ್ತೆ. ಮೋಟರ್ ಬಾಗಿಲಾದ್ರೆ ಕೊನೇಲಿ ನಾಲ್ಕು ಸೆಂಟಿಮೀಟರ್ ದಪ್ಪದ ಮರದ ತುಂಡನ್ನ ನೆಲದ ಮೇಲೆ ಇಟ್ಟು ಬಾಗಿಲು ಇಳಿಸಿ ನೋಡಿ, ತಾಗಿದ ಕೂಡಲೇ ವಾಪಸ್ ಮೇಲೆ ಹೋಗಬೇಕು, ಒತ್ತಿಕೊಂಡೇ ನಿಂತ್ರೆ ಮೋಟರ್ ಸೆಟ್ಟಿಂಗ್ ಸರಿ ಮಾಡಿಸೋ ತನಕ ಬಳಸ್ಬೇಡಿ.

ಕಟ್ ಮಾಡಿ ಕೂರಿಸೋದು ಹೇಗೆ?

ಎಲ್ಲಾ ಪ್ಯಾನಲ್ ಒಂದೇ ಅಳತೆ ಅಂತ ಅಂದ್ಕೊಂಡು ಒಂದನ್ನ ಅಳೆದು ಎಲ್ಲಾನೂ ಕತ್ತರಿಸಿಬಿಟ್ರೆ ಕೆಟ್ರಿ. ಮೇಲಿನ ಪ್ಯಾನಲ್ ಕೆಳಗಿನದ್ದಕ್ಕಿಂತ ಐದಾರು ಎಂಎಂ ಹೆಚ್ಚುಕಮ್ಮಿ ಇರಬಹುದು, ಒಂದೊಂದನ್ನೂ ಎರಡು ಕಡೆ ಅಳೆದು ಬೋರ್ಡಿನ ಮೇಲೆ ಪ್ಯಾನಲ್ ನಂಬರ್ ಬರೀರಿ. ಪ್ಯಾನಲಿನ ಅಂಚು ಒಳಕ್ಕೆ ಮಡಚಿದ್ರೆ ಬೋರ್ಡನ್ನ ಎರಡು ಎಂಎಂ ಜಾಸ್ತಿನೇ ಕತ್ತರಿಸಿ, ಮಧ್ಯದಲ್ಲಿ ಸ್ವಲ್ಪ ಬಿಲ್ಲಿನ ಹಾಗೆ ಬಗ್ಗಿಸಿ ಎರಡೂ ತುದೀನ ಮಡಿಕೆಯೊಳಗೆ ತೂರಿಸಿ ಅಂಗೈಯಿಂದ ಒತ್ತಿದ್ರೆ ಟಪ್ ಅಂತ ಕೂತ್ಕೊಳ್ಳುತ್ತೆ, ಆ ಸದ್ದು ಕೇಳೋಕೇ ಒಂದು ಖುಷಿ. ಥರ್ಮಾಕೋಲ್ ಸುಲಭವಾಗಿ ಬಗ್ಗುತ್ತೆ, ಪಿಐಆರ್ ಅಷ್ಟಾಗಿ ಬಗ್ಗಲ್ಲ, ಫಾಯಿಲ್ ಸುಕ್ಕಾಗುತ್ತೆ, ಅದನ್ನ ಮೂರು ಎಂಎಂ ಕಮ್ಮಿ ಕತ್ತರಿಸಿ ಸುತ್ತಲೂ ಫೋಮ್ ಇಲ್ಲ ಸೀಲೆಂಟ್ ತುಂಬೋದೇ ಒಳ್ಳೇದು.

ಬ್ಲೇಡ್ ಹೊಸದಿರಲಿ. ಮೊಂಡ ಬ್ಲೇಡ್ ಥರ್ಮಾಕೋಲನ್ನ ಕತ್ತರಿಸಲ್ಲ, ಹರಿಯುತ್ತೆ. ಪ್ಯಾನಲ್ ಸೇರೋ ಕಡೆ ಬೋರ್ಡಿನ ಅಂಚನ್ನ ಓರೆಯಾಗಿ ಕತ್ತರಿಸಿ, ಬಾಗುವಾಗ ಒಂದಕ್ಕೊಂದು ಗುದ್ದಲ್ಲ. ಹಿಂಜು, ರೋಲರ್, ಲಾಕ್ ಇರೋ ಕಡೆ ರಟ್ಟಿನ ಮಾದರಿ ಮಾಡ್ಕೊಂಡು ಆಮೇಲೆ ಬೋರ್ಡ್ ಕತ್ತರಿಸಿ. ಹಿಡಿ ಇರೋ ಜಾಗ ಮುಚ್ಚಿದೋರನ್ನೂ ನೋಡಿದೀನಿ, ಆಮೇಲೆ ಬಾಗಿಲು ಎಳೆಯೋಕೆ ಪ್ಯಾನಲ್ ಸಂದಿಗೆ ಬೆರಳು ಹಾಕ್ತಾರೆ, ಬೆರಳು ಜಜ್ಜೋದು ಅಲ್ಲೇ. ಕೊನೆಗೆ ಬೋರ್ಡಿಗೂ ಲೋಹಕ್ಕೂ ನಡುವಿನ ಸುತ್ತಂಚಿಗೆಲ್ಲ ಅಲ್ಯೂಮಿನಿಯಂ ಟೇಪ್ ಹಾಕಿ. ಇದು ಅಲಂಕಾರಕ್ಕಲ್ಲ, ಯಾಕೆ ಅಂತ ಬೆವರಿನ ಪ್ರಶ್ನೇಲಿ ಹೇಳ್ತೀನಿ.

ಯಾವ ಗಮ್ ಬಳಸಬೇಕು?

ಘಾಟು ವಾಸನೆಯ ಸಾಲ್ವೆಂಟ್ ಇರೋ ಗಮ್ ಮಾತ್ರ ಬೇಡ. ಚಪ್ಪಲಿ, ಸನ್‌ಮೈಕಾ ಅಂಟಿಸೋ ಹಳದಿ ಗಮ್ ಇದೆಯಲ್ಲ, ಅದನ್ನ ಥರ್ಮಾಕೋಲಿಗೆ ಹಚ್ಚಿದ್ರೆ ಸಕ್ಕರೆ ಮೇಲೆ ಬಿಸಿನೀರು ಹೊಯ್ದ ಹಾಗೆ ಬೋರ್ಡೇ ಕರಗಿ ಗುಳಿ ಬೀಳುತ್ತೆ, ಎಕ್ಸ್‌ಪಿಎಸ್‌ಗೂ ಅದೇ ಗತಿ. ಥಿನ್ನರ್, ಪೆಟ್ರೋಲ್, ಕೆಲವು ಸ್ಪ್ರೇ ಪೇಂಟು ಕೂಡ ಹೀಗೇ ತಿನ್ನುತ್ತೆ. ಫೋಮ್ ಬೋರ್ಡಿಗೆ ಆಗುತ್ತೆ ಅಂತ ಟ್ಯೂಬ್ ಮೇಲೆ ಬರೆದಿರೋದನ್ನೇ ತಗೊಳ್ಳಿ, ಆದ್ರೂ ಒಂದು ಚೂರಿಗೆ ಹಚ್ಚಿ ಒಂದು ಗಂಟೆ ಬಿಟ್ಟು ನೋಡಿ. ತಗಡಿನ ಮೇಲಿನ ಗ್ರೀಸ್, ಧೂಳು, ಉದುರೋ ಪೇಂಟ್ ಎಲ್ಲ ಒರೆಸಿ ಒಣಗಿಸಿ, ಇಲ್ಲಾಂದ್ರೆ ಗಮ್ ಅಂಟೋದು ತಗಡಿಗಲ್ಲ, ಧೂಳಿಗೆ. ಸುಡು ಬಿಸಿಲಲ್ಲೂ ಕೊರೆಯೋ ಚಳೀಲೂ ಈ ಕೆಲಸ ಬೇಡ.

ಸ್ಪ್ರೇ ಫೋಮ್ ಹೊಡೆದು ಒಂದೇ ಸಲಕ್ಕೆ ಮುಗಿಸಬಹುದಲ್ವಾ?

ಬೇಡ ಅಂತೀನಿ. ಉಬ್ಬುವಾಗ ಅದು ತೆಳು ತಗಡನ್ನ ಹೊರಕ್ಕೆ ದಬ್ಬುತ್ತೆ, ಬಾಗಿಲು ಡೊಂಕಾದ್ರೆ ಟ್ರ್ಯಾಕಲ್ಲಿ ಓಡಲ್ಲ, ಹಿಂಜಿಗೆ ಮೆತ್ಕೊಂಡ್ರೆ ಕೆರೆದು ಕೆರೆದು ಸಾಕಾಗುತ್ತೆ, ಹೊಡೆಯುವಾಗ ಬರೋ ಐಸೋಸಯನೇಟ್ ಆವಿ ಶ್ವಾಸಕೋಶಕ್ಕೆ ಕೆಟ್ಟದ್ದು. ಸಣ್ಣ ಸಂದಿಗೆ ಕಮ್ಮಿ ಉಬ್ಬೋ ಫೋಮ್ ಒಂದು ಗೆರೆ ಹಾಕೋದು ಸರಿ.

ಬೆಳಗ್ಗೆ ಬಾಗಿಲು ಒಳಗಡೆ ಬೆವರಿರುತ್ತೆ, ಟೂಲ್ಸ್ ತುಕ್ಕು ಹಿಡೀತಿವೆ. ಇನ್ಸುಲೇಶನ್ನಿಂದ ಸರಿ ಹೋಗುತ್ತಾ?

ಹೋಗುತ್ತೆ, ಅರೆಬರೆ ಮಾಡಿದ್ರೆ ಇನ್ನೂ ಕೆಡುತ್ತೆ. ಒಳಗೆ 20 ಡಿಗ್ರಿ, ತೇವಾಂಶ 60 ಪರ್ಸೆಂಟ್ ಇದ್ರೆ 12 ಡಿಗ್ರಿಗಿಂತ ತಣ್ಣಗಿರೋ ಯಾವುದೇ ವಸ್ತು ಮೇಲೆ ನೀರು ಕೂರುತ್ತೆ. ತಗಡು ರಾತ್ರಿ ಸುಲಭವಾಗಿ ಅದಕ್ಕಿಂತ ಕೆಳಗೆ ಇಳಿಯುತ್ತೆ, ಬೆವರಿ ಹನಿ ಹನಿಯಾಗಿ ಇಳಿದು ನೆಲ ಸೇರುತ್ತೆ, ಬಾಗಿಲ ಪಕ್ಕದ ಗೋಡೆಗೆ ನೇತು ಹಾಕಿದ ಉಳಿಗಳ ಮೇಲೆ ಮೊದಲು ಕಂದು ಚುಕ್ಕೆ ಬರುತ್ತೆ. ಬೋರ್ಡ್ ಹಾಕಿದ್ರೆ ಒಳಗಿನ ಬಿಸಿ ಗಾಳಿಗೆ ಸಿಗೋದು ಬೋರ್ಡಿನ ಬೆಚ್ಚಗಿನ ಮೈ, ತಗಡಲ್ಲ, ಹಾಗಾಗಿ ಬೆವರಲ್ಲ. ಆದ್ರೆ ಬೋರ್ಡಿನ ಸುತ್ತ ಸಂದು ಬಿಟ್ಟಿದ್ರೆ ಅದೇ ತೇವದ ಗಾಳಿ ಹಿಂದೆ ನುಸುಳಿ ಕಣ್ಣಿಗೆ ಕಾಣದ ಕಡೆ ಬೆವರುತ್ತೆ, ಬಾಗಿಲು ಒಳಗಿಂದೊಳಗೇ ತುಕ್ಕು ತಿನ್ನುತ್ತೆ. ಟೇಪ್ ಅದಕ್ಕೇ ಬೇಕಿರೋದು.

ಇನ್ನೊಂದು ವಿಷಯ ಯಾರೂ ಯೋಚಿಸಲ್ಲ. ಹೊಗೆ ಕೊಳವೆ ಇಲ್ಲದ ಗ್ಯಾಸ್ ಹೀಟರ್ ಇಟ್ಕೊಂಡ್ರೆ ಒಂದು ಕೆಜಿ ಪ್ರೊಪೇನ್ ಉರಿದಾಗ ಒಂದೂವರೆ ಲೀಟರಿಗಿಂತ ಜಾಸ್ತಿ ನೀರು ಆವಿಯಾಗಿ ಒಳಗೇ ಸೇರುತ್ತೆ. ಚಳಿ ಅಂತ ಹೀಟರ್ ಹಚ್ಚೋದು, ತುಕ್ಕು ಯಾಕೆ ಅಂತ ಕೇಳೋದು!

ಗ್ರೈಂಡಿಂಗ್, ವೆಲ್ಡಿಂಗ್ ಮಾಡ್ತೀನಿ. ಫೋಮ್‌ಗೆ ಬೆಂಕಿ ಹತ್ತಲ್ವಾ?

ಹತ್ತುತ್ತೆ. ಥರ್ಮಾಕೋಲ್, ಎಕ್ಸ್‌ಪಿಎಸ್ ಎರಡೂ ಕರಗಿ ತೊಟ್ಟಿಕ್ಕುತ್ತಾ ಕಪ್ಪು ಹೊಗೆ ಬಿಟ್ಕೊಂಡು ಉರಿಯೋ ವಸ್ತು. ಬೆಂಕಿ ತಡೆಯೋ ರಾಸಾಯನಿಕ ಬೆರೆಸಿದ್ದು ಸಿಗುತ್ತೆ, ಅದು ಹತ್ತೋದನ್ನ ತಡ ಮಾಡುತ್ತೆ ಅಷ್ಟೇ, ಉರಿಯಲ್ಲ ಅಂತಲ್ಲ. ಕಿಡಿ ಹಾರೋ ಕೆಲಸ ದಿನನಿತ್ಯ ಇದ್ರೆ ರಾಕ್‌ವೂಲ್ ಹಾಕಿ ಮೇಲೆ ತೆಳು ತಗಡು ಹೊದಿಸಿ, ತೂಕಕ್ಕೆ ತಕ್ಕ ಹಾಗೆ ಸ್ಪ್ರಿಂಗ್ ಬದಲಾಯಿಸ್ಕೊಳ್ಳಿ, ತೇವ ನುಗ್ಗದ ಹಾಗೆ ಅಂಚು ಸೀಲ್ ಮಾಡಿ. ಯಾವಾಗ್ಲಾದ್ರೂ ಒಮ್ಮೆ ಅನ್ನೋರು ಬಾಗಿಲು ಪೂರ್ತಿ ಎತ್ತಿ ಹೊರಗಡೆ ಅಂಗಳದಲ್ಲಿ ಮಾಡಿ. ವೆಲ್ಡಿಂಗ್ ಕಿಡಿ 10 ಮೀಟರ್ ತನಕ ಹೋಗಬಹುದು, ಸಂದೀಲಿ ಬಿದ್ದು ಹೊಗೆಯಾಡ್ತಾ ಕೂತು ಎಷ್ಟೋ ಹೊತ್ತಿನ ಮೇಲೆ ಹತ್ತಿಕೊಳ್ಳುತ್ತೆ, ಕೆಲಸ ಮುಗಿಸಿ ಒಂದು ಗಂಟೆ ಅಲ್ಲೇ ಇರಿ. ನಿಮ್ಮ ಕಡೆ ಮನೆಗೆ ಸೇರಿದ ಗ್ಯಾರೇಜಲ್ಲಿ ಫೋಮ್ ತೆರೆದಿಡಬಾರದು ಅನ್ನೋ ಕಟ್ಟಡ ನಿಯಮ ಇದೆಯಾ ಅಂತಲೂ ವಿಚಾರಿಸಿ.

ಎಲ್ಲಾ ಸಂದು ಮುಚ್ಚಿದ್ರೆ ಉಸಿರುಗಟ್ಟಲ್ವಾ?

ಒಳ್ಳೆ ಪ್ರಶ್ನೆ. ಮೊದಲು ಆ ಸೋರೋ ಬಾಗಿಲೇ ನಿಮಗೆ ಗೊತ್ತಿಲ್ಲದೆ ಗಾಳಿ ಕೊಡ್ತಿತ್ತು. ಈಗ ಇಂಜಿನ್ ಒಳಗೆ ಸ್ಟಾರ್ಟ್ ಮಾಡೋದಾಗ್ಲಿ, ಗ್ಯಾಸ್ ಹೀಟರ್ ಹಚ್ಚಿ ಬಾಗಿಲು ಹಾಕ್ಕೊಳ್ಳೋದಾಗ್ಲಿ ಮಾಡಲೇಬಾರದು, ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ ವಾಸನೆ ಇಲ್ಲ, ತಲೆನೋವು ಅಂತ ಕೂತೋರು ಏಳದೇ ಹೋಗಿದಾರೆ. ಒಂದು ಅಲಾರಂ ಹಾಕಿ. ಗ್ಯಾಸ್ ಗೀಸರ್, ಬಾಯ್ಲರ್ ಏನಾದ್ರೂ ಅಲ್ಲೇ ಇದ್ರೆ ಅದಕ್ಕೆ ಅಂತ ಬಿಟ್ಟಿರೋ ಗಾಳಿಕಿಂಡಿ ಮುಟ್ಟಲೇಬೇಡಿ. ವಾರ್ನಿಷ್, ಥಿನ್ನರ್ ಕೆಲಸಕ್ಕೆ ಬೇಕಾದಾಗ ಹಾಕೋ ಎಕ್ಸಾಸ್ಟ್ ಫ್ಯಾನ್ ಇರಲಿ.

ಪಕ್ಕದ ಮನೆಯವರಿಗೆ ಸದ್ದು ಕಮ್ಮಿ ಆಗುತ್ತಾ?

ತಗಡು ಗಡಗಡ ಅನ್ನೋದು ನಿಲ್ಲುತ್ತೆ, ಸಂದು ಮುಚ್ಚಿದ್ದಕ್ಕೆ ಸ್ವಲ್ಪ ಕಮ್ಮಿ ಆಗುತ್ತೆ. ಫೋಮ್ ಹಗುರ, ಸದ್ದು ತಡೆಯೋಕೆ ತೂಕ ಬೇಕು. ರಾತ್ರಿ ಹತ್ತಕ್ಕೆ ಪ್ಲೇನರ್ ಓಡಿಸೋ ಲೈಸೆನ್ಸ್ ಅಂದ್ಕೋಬೇಡಿ.

ಇಲಿ, ಇರುವೆ?

ಎರಡೂ ಬರ್ತವೆ, ಫೋಮ್ ತಿನ್ನೋಕಲ್ಲ, ಗೂಡಿಗೆ. ಕೆಳಗಿನ ಪ್ಯಾನಲಿನ ತೆರೆದ ಅಂಚಿಗೆ ಟೇಪಿನ ಮೇಲೆ ಒಂದು ತಗಡಿನ ಪಟ್ಟಿ ಹೊಡೆದ್ರೆ ಇಲಿ ಕಾಟ ಮುಗೀತು.

ಹೊರಗಡೆ ಪೇಂಟ್ ಬದಲಾಯಿಸಬೇಕಾ?

ಗಾಢ ಬಣ್ಣ, ನೇರ ಬಿಸಿಲು ಅಂದ್ರೆ ತಿಳಿ ಬಣ್ಣಕ್ಕೆ ಬದಲಾಯಿಸಿ. ಮೊದಲು ತಗಡಿನ ಶಾಖ ಒಂದಷ್ಟು ಒಳಗೂ ಬಿಡುಗಡೆ ಆಗ್ತಿತ್ತು, ಈಗ ಬೋರ್ಡ್ ತಡೆದಿರೋದ್ರಿಂದ ತಗಡು ಮೊದಲಿಗಿಂತ ಜಾಸ್ತಿ ಕಾಯುತ್ತೆ. ಥರ್ಮಾಕೋಲ್, ಎಕ್ಸ್‌ಪಿಎಸ್ ತಾಳೋದು 75 ಡಿಗ್ರಿ ಆಸುಪಾಸಿನ ತನಕ, ಕಪ್ಪು ಬಾಗಿಲು ಬೇಸಿಗೆ ಸಂಜೆ ಅದರ ಹತ್ತಿರ ಹೋಗಬಲ್ಲದು, ಆಗ ಬೋರ್ಡ್ ಸುಕ್ಕಾಗಿ ಗಮ್ ಬಿಡುತ್ತೆ.

ಎಲ್ಲಾ ಮಾಡಿದೆ, ಆದ್ರೂ ಒಳಗೆ ಅದೇ ಸೆಕೆ, ಅದೇ ಚಳಿ. ಯಾಕೆ?

ತಲೆ ಎತ್ತಿ ಮೇಲೆ ನೋಡಿ. ಮೇಲೆ ತಗಡಿನ ಶೀಟ್ ಇದ್ರೆ, ಬಾಗಿಲು 5 ಚದರ ಮೀಟರ್, ಚಾವಣಿ 18 ಇಲ್ಲ 20, ಕೆಲಸ ಬಾಕಿ ಇರೋದು ಅಲ್ಲಿ. ಚಾವಣಿ ಸರಿ ಇದ್ರೆ ಮತ್ತೆ ಊದುಬತ್ತಿ ಹಚ್ಕೊಂಡು ಬಾಗಿಲ ಮೇಲಂಚಿಗೆ ಹೋಗಿ. ಕೆಳಗಿನ ಸೀಲ್ ಹಾಕಿ ಮೇಲಿನದನ್ನ ಮರೆಯೋರೇ ಜಾಸ್ತಿ, ಬಿಸಿ ಗಾಳಿ ಸೋರೋದು ಮೇಲಿಂದಲೇ. ನಮ್ಮದರಲ್ಲೂ ಎರಡನೇ ಸಲ ಎಲ್ಲ ಮುಗಿಸಿ ಬೀಗಿದ ಮೇಲೆ ಬಲಗಡೆ ಮೇಲಿನ ಮೂಲೇಲಿ ಹೆಬ್ಬೆರಳು ದಪ್ಪದ ತೂತು ಸಿಕ್ತು, ಟ್ರ್ಯಾಕಿನ ಬ್ರಾಕೆಟ್ ಹಿಂದೆ. ಏಣಿ ಹತ್ತಿ ನೋಡೋ ತನಕ ಕಾಣ್ತಾನೇ ಇರಲಿಲ್ಲ.